ಕಪ್ಪು ಕೋಟಿಗೆ ಕೆಂಪು ಕಾಜಾ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಂಗಿಗಳ ಗುಂಡಿ ತೂರುವ ಕಾಜಾ ನನ್ನ ಮಿಷಿನ್ನಿಗೆ, ಕೋಟುಗಳದು ಅತ್ತೆಯ ಕೈಗೆ. ನಾನು ಗುಂಡಿಯ ಅಳತೆಗೆ ಮೊದಲು ಹೊಲಿದು, ತುದಿಯ ಹೊಲಿಗೆ ತುಂಡಾಗದಂತೆ ಅಡ್ಡಲಾಗಿ ಗುಂಡುಸೂಜಿ ಚುಚ್ಚಿ, ಆಮೇಲೆ ನಡುವೆ ಬ್ಲೇಡು ಹಾಯಿಸುತ್ತೇನೆ. ಅತ್ತೆ ಮೊದಲೇ ಕತ್ತರಿಸಿ, ಅಂಚಿನುದ್ದಕ್ಕೂ ಗಂಟು ಗಂಟಾಗಿ ಹೆಣೆಯುತ್ತಾರೆ, ಸಾಸಿವೆ ಕಾಳು ಸಾಲಾಗಿ ಕೂರಿಸಿದಂತೆ.

"ನಿನ್ನ ಮಿಷಿನ್ನು ಓಡುತ್ತೆ, ನನ್ನ ಸೂಜಿ ನಡೆಯುತ್ತೆ. ನಡೆದೋರಿಗೇ ಕಣೇ ದಾರಿ ನೆನಪಿರೋದು" ಎಂದು ಕೆಣಕುತ್ತಿದ್ದರು.

ಆ ದಿನ ಸಂಜೆ ಐದಕ್ಕೆ ವಕೀಲರೊಬ್ಬರು ಕಪ್ಪು ಕೋಟು ಒಯ್ಯಲು ಬರುವವರಿದ್ದರು. ಮಧ್ಯಾಹ್ನ ಅತ್ತೆ ಅದನ್ನು ಕೊಡವಿ ನನ್ನ ಕೈಗಿಟ್ಟರು. ನಾಲ್ಕೂ ಕಾಜಾ ದಾಳಿಂಬೆ ಕೆಂಪು! ಒಂದು ಗಂಟೂ ಸೊಟ್ಟಗಿರಲಿಲ್ಲ.

"ಅತ್ತೆ, ಇದೇನಿದು ದಾರ?"

"ಕಪ್ಪು ಕೋಟಿಗೆ ಕಪ್ಪು ದಾರ ಹಾಕ್ದೆ ಇನ್ನೇನು ಹಾಕ್ತಾರೆ?"

ತಮಾಷೆ ಎಂದುಕೊಂಡೆ. ಮುಖದಲ್ಲಿ ನಗುವಿರಲಿಲ್ಲ. ಅವರ ಕಣ್ಣೆದುರು ಅಂಗೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ.

"ಗಾಳಿ ಯಾಕೆ ಹಾಕ್ತಿದೀಯ?" ಎಂದರು.

ಅತ್ತೆಗೆ ಕಣ್ಣು ಕಾಣುತ್ತಿಲ್ಲ! ದಾರ ಹೇಗೆ ಆರಿಸಿದಿರಿ ಎಂದು ಕೇಳಿದೆ. ದಾರದ ಡಬ್ಬಿಯ ಮೊದಲ ಮನೆ ಕಪ್ಪು, ಎರಡನೆಯದು ಬಿಳಿ ಎಂದು ಅವರು ಬೆರಳಲ್ಲೇ ಎಣಿಸಿ ತೆಗೆಯುತ್ತಿದ್ದರಂತೆ. ಸೂಜಿಗೆ ದಾರವನ್ನು ನಾಲಿಗೆಯ ತುದಿಯಲ್ಲಿ ಪೋಣಿಸುತ್ತಿದ್ದರಂತೆ. ಹಿಂದಿನ ದಿನ ಡಬ್ಬಿ ಒರೆಸಿದವಳು ನಾನು. ಚೆಂದ ಕಾಣಲೆಂದು ಮೊದಲ ಮನೆಗೆ ಕೆಂಪು ಇಟ್ಟವಳೂ ನಾನೇ.

"ಎಷ್ಟು ದಿನದಿಂದ ಹಿಂಗೆ?"

"ಬಣ್ಣ ಹೋಗಿ ಎರಡು ವರ್ಷ. ಈಗ ಬರೀ ಬೆಳಕು, ನೆರಳು."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಸೂಜಿ ಕಿತ್ಕೋತಿದ್ರಿ."

ಎರಡು ವರ್ಷ ಎದುರುಬದುರು ಕೂತಿದ್ದೇವೆ! ನನ್ನ ಮಗಳು ಬರೆದ ಚಿತ್ರವನ್ನು ಅವರು ತಲೆಕೆಳಗಾಗಿ ಹಿಡಿದು "ಎಷ್ಟು ಚೆಂದ" ಎಂದಾಗ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅತ್ತೆಯೂ ನಕ್ಕಿದ್ದರು.

ಅಳಲು ಹೊತ್ತಿರಲಿಲ್ಲ. ಕೆಂಪು ದಾರ ಬಿಚ್ಚಿ, ಕಪ್ಪು ದಾರ ತೆಗೆದುಕೊಟ್ಟೆ. ಮೂರು ಕಾಜಾ ಅವರು ಹೊಲಿದರು, ಒಂದು ನಾನು. ಕೊನೆಗೆ ಎಲ್ಲವನ್ನೂ ಸವರಿ ನೋಡಿ, ಅಗಲವಾಗಿದ್ದ ಒಂದರ ಮೇಲೆ ಬೆರಳಿಟ್ಟು, "ಈ ಕಪ್ಪೆ ಬಾಯಿ ನಿಂದು" ಎಂದರು. ವಕೀಲರಿಗೆ ಏನೂ ಗೊತ್ತಾಗಲಿಲ್ಲ. ಗುಂಡಿ ಹಾಕಿಕೊಂಡು ಹೊರಟೇಬಿಟ್ಟರು.

ಮರುವಾರ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಎಡಗಣ್ಣಿಗೆ ಆಪರೇಷನ್ ಮಾಡಿದರೆ ಒಂದಿಷ್ಟು ದೃಷ್ಟಿ ಬರಬಹುದು, ಬಲಗಣ್ಣಿನ ಆಸೆ ಬಿಡಿ ಎಂದರು. ಹೊರಗೆ ಬರುವಾಗ ಮೆಟ್ಟಿಲ ಬಳಿ ನಾನು ಅತ್ತೆಯ ಕೈ ಹಿಡಿದೆ.

"ಮೂರೇ ಮೆಟ್ಟಿಲು. ಬರೋವಾಗ್ಲೇ ಎಣಿಸಿದೀನಿ."

ಆದರೂ ಕೈ ಬಿಡಿಸಿಕೊಳ್ಳಲಿಲ್ಲ.