ಹನ್ನೊಂದನೆಯ ಕಂಬ

ತೆಲುಗು ಸೀಮೆಯ ಉಪ್ಪಲ್‌ನ ಆ ಟೆಕ್ನೋ ಶಾಲೆಯಲ್ಲಿ ಅರವತ್ತು ಗಣಿತದ ಪೇಪರುಗಳನ್ನು ನಲವತ್ತೇ ನಿಮಿಷದಲ್ಲಿ ತಿದ್ದಿ ಬಿಸಾಕುವವಳು ಶಿವದೇವಿ ಒಬ್ಬಳೇ. ಅಬ್ಬಾ, ಅದೇನು ದೌಲತ್ತು! ಎಡಗೈಯಲ್ಲಿ ಸರಿಯುತ್ತರಗಳ ಕೀ ಹಾಳೆ, ಬಲಗೈಯಲ್ಲಿ ಕೆಂಪು ಪೆನ್ನು. ಕೊನೆಯ ಉತ್ತರ ಕೀ ಹಾಳೆಗೆ ಹೊಂದಿದರೆ ಸರಿ, ಹೊಂದದಿದ್ದರೆ ಗೀಟು. ಹುಡುಗರು ಲೆಕ್ಕ ಹೇಗೆ ಮಾಡಿದರು ಎಂದು ಓದುವ ಗೋಜಿಗೇ ಅವಳು ಹೋದವಳಲ್ಲ. ಒಂದೊಂದು ಸಾಲನ್ನೂ ಓದುತ್ತ ಕೂರುವ ಸಮಾಜ ಪಾಠದ ಜಯಮ್ಮನನ್ನು ಕಂಡರೆ ಅವಳಿಗೆ ನಗು. “ಪೇಪರ್ ತಿದ್ದಾಕತ್ತೀರೋ, ಪುರಾಣ ಓದಾಕತ್ತೀರೋ ಜಯಮ್ಮಾರ?” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಕೇಳುವಳು.

ಮಕ್ಕಳ ತಂದೆತಾಯಿಗಳ ಮೇಲೂ ಅವಳಿಗೆ ತಾತ್ಸಾರವೇ. ಮಗನ ಹಾಲುಹಲ್ಲು ಬೀಳುವ ಮೊದಲೇ ಐಐಟಿ ಐಐಟಿ ಎಂದು ಬಡಕೊಳ್ಳುವ ಸಾಫ್ಟ್‌ವೇರ್ ಅಪ್ಪಂದಿರು! ಅಂಥವರಿಗೆ ಬೇಕಾದ್ದು ಮಾರ್ಕ್ಸು. ಶನಿವಾರದ ಪರೀಕ್ಷೆಯ ಲೆಕ್ಕಗಳನ್ನು ಶುಕ್ರವಾರವೇ ರಿವಿಜನ್ ಹೆಸರಿನಲ್ಲಿ ಬೋರ್ಡಿನ ಮೇಲೆ ಬರೆದು, ಉತ್ತರ ಬಾಯಿಪಾಠ ಮಾಡಿಸಿ, ಕೇಳಿದಷ್ಟು ಮಾರ್ಕ್ಸು ಆಕೆ ಕೊಡಿಸುತ್ತಿದ್ದಳು.

ಆ ಶನಿವಾರ ಒಂದು ಬೇಲಿಯ ಲೆಕ್ಕ ಬಂದಿತ್ತು. ನೂರು ಅಡಿ ಉದ್ದದ ನೇರ ಬೇಲಿ, ಹತ್ತು ಅಡಿಗೊಂದು ಕಂಬ, ಎರಡೂ ತುದಿಗೆ ಕಂಬ ಇರಬೇಕು. ಒಟ್ಟು ಕಂಬ ಎಷ್ಟು? ಐವತ್ತೊಂಬತ್ತು ಮಕ್ಕಳು ಹತ್ತು ಎಂದು ಬರೆದರು. ಶುಕ್ರವಾರ ಜ್ವರದಿಂದ ಶಾಲೆಗೆ ಬಾರದ ಸುವರ್ಣಾ ಮಾತ್ರ ಬೇಲಿಯ ಚಿತ್ರ ಬಿಡಿಸಿ, ಕಂಬ ಎಣಿಸಿ, ಹನ್ನೊಂದು ಎಂದು ಬರೆದಳು. ಶಿವದೇವಿ ಹಾಳೆ ಹರಿಯುವ ಹಾಗೆ ಗೀಟು ಎಳೆದಳು.

“ತಲಿಯಾಗ ಜಲ್ಲಿ ತುಂಬ್ಯಾನೇನ ನಿಮ್ಮಪ್ಪ?” ಎಂದಳು ಸೋಮವಾರ ಪೇಪರ್ ಕೊಡುವಾಗ. ಕ್ಲಾಸೆಲ್ಲ ಗೊಳ್ಳೆಂದಿತು. “ಹತ್ತು ಕಂಬ ಅಂತ ನೂರು ಸಲ ಬರಕೊಂಡು ಬಾ.”

ಆ ಲೆಕ್ಕದ ಎರಡು ಮಾರ್ಕ್ಸು ಹೋಗಿ ಸುವರ್ಣಾ ಎ ಸೆಕ್ಷನ್ನಿನಿಂದ ಬಿ ಸೆಕ್ಷನ್ನಿಗೆ ಬಿದ್ದಳು. ಬಡವರ ಮಕ್ಕಳಿಗೆ ಬಿಟ್ಟಿ ಸೀಟು ಇದ್ದದ್ದು ಎ ಸೆಕ್ಷನ್ನಿನಲ್ಲಿ ಮಾತ್ರ. ಬಿ ಸೆಕ್ಷನ್ ಅಂದರೆ ಅವಳಿಗೆ ಶಾಲೆಯೇ ಮುಗಿದ ಹಾಗೆ.

ಮರುದಿನ ಬೆಳಿಗ್ಗೆ ಅವಳಪ್ಪ ಮೌನಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಸುರಪುರದ ಕಡೆಯವನು, ಶಾಲೆಯ ಪಕ್ಕದಲ್ಲೇ ಎದ್ದು ನಿಲ್ಲುತ್ತಿದ್ದ ಸಾಫ್ಟ್‌ವೇರ್ ಕಟ್ಟಡದಲ್ಲಿ ಗೌಂಡಿ ಕೆಲಸ. ಬೆರಳ ಸಂದಿಯಲ್ಲೆಲ್ಲ ಸಿಮೆಂಟು.

“ಏನಪಾ? ಮಾರ್ಕ್ಸ್ ಇಲ್ಲಿ ಕಿಲೋ ಲೆಕ್ಕದಾಗ ಮಾರಂಗಿಲ್ಲ,” ಎಂದಳು ಶಿವದೇವಿ.

“ಹಂಗಲ್ರಿ ಅಕ್ಕೋರ. ನಾ ಸಾಲಿ ಕಲ್ತಾಂವ ಅಲ್ಲ. ಒಂದ ಮಾತ ಕೇಳಾಕ ಬಂದೀನಿ. ಹತ್ತ ಕಂಬ ನೆಟ್ರ, ಕೊನೀ ತಂತಿ ಯಾವುದಕ್ಕ ಕಟ್ಟೂದ್ರಿ?”

ಮೌನಪ್ಪ ಕಿಟಕಿಯಾಚೆ ಕೈ ತೋರಿಸಿದ. ಗೇಟಿನಲ್ಲಿ ಬ್ಯಾನರ್ ಕಟ್ಟಿದ್ದರು: ಗಣಿತದಲ್ಲಿ ನೂರಕ್ಕೆ ನೂರು ಪಡೆದ ಕೌಶಲ್‌ನ ಫೋಟೋ, ಕತ್ತು ಹಿಸುಕುವಂಥ ಟೈ.

“ನೋಡ್ರಿ, ಬ್ಯಾನರ್ ಒಂದ ಐತಿ. ಬೊಂಬು ಎರಡ ಅದಾವ.”

ಜಯಮ್ಮ ಪೇಪರಿನಿಂದ ತಲೆ ಎತ್ತಿದಳು. ಶಿವದೇವಿಯ ಕಿವಿ ಬಿಸಿಯಾಯಿತು. “ಯಾವ ಕತ್ತೆ ಈ ಕೀ ಮಾಡಿದ್ದು!” ಎಂದು ಸಿಡುಕುತ್ತ ಹಾಳೆ ತಿರುವಿ ಸಹಿ ನೋಡಿದಳು. ಶಾಲೆಯ ಎಂಟೂ ಬ್ರಾಂಚುಗಳಿಗೆ ಹೋದ ಆ ಕೀ ಹಾಳೆಯ ಕೆಳಗೆ ಅವಳದೇ ಸಹಿ ಇತ್ತು. ನಾಚಿಕೆಯಿಂದ ಅವಳಿಗೆ ಭೂಮಿಗಿಳಿದು ಹೋದಂತಾಯಿತು.

ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ದಿನೇಶನಿಗೆ ನಾಚಿಕೆಗೀಚಿಕೆ ಏನೂ ಆಗಲಿಲ್ಲ. “ಅರೆ, ಮೇಡಂ ಗಾರು! ಒಂದು ಕಂಬಕ್ಕೆ ಇಷ್ಟು ರಂಪವೇ? ಬ್ಯಾನರ್ ಕಟ್ಟಿಯಾಗಿದೆ. ಆ ಹುಡುಗಿಗೆ ಎರಡು ಗ್ರೇಸ್ ಮಾರ್ಕ್ಸ್ ಹಾಕಿ ಕೈ ತೊಳಕೊಳ್ಳಿ.”

“ಸರಿಯಾಗಿ ಬರೆದವಳಿಗೆ ಗ್ರೇಸ್ ಯಾಕೆ ಸಾರ್? ತಪ್ಪು ಬರೆದವರದ್ದು ಕಡಿಯುತ್ತೇನೆ.”

“ಕೀ ಯಾರದು ಅಂತ ಪೇರೆಂಟ್ಸ್ ಕೇಳಿದರೆ?”

“ನಂದೇ ಅಂತ ಹೇಳಿ.”

ಐವತ್ತೊಂಬತ್ತು ಪೇಪರು ಮತ್ತೆ ತಿದ್ದಲು ಮೂರು ತಾಸು ಹಿಡಿಯಿತು. ಜನ್ಮದಲ್ಲಿ ಮೊದಲ ಸಲ ಅವಳು ಸಾಲುಸಾಲು ಓದಿದಳು. ಓದಲು ಅಲ್ಲಿ ಏನಿತ್ತು ಮಣ್ಣು, ಎಲ್ಲ ಅವಳೇ ಗಿಳಿಪಾಠ ಮಾಡಿಸಿದ್ದು. ಗೇಟಿನಿಂದ ಬ್ಯಾನರ್ ಇಳಿಯಿತು. ಸುವರ್ಣಾ ಎ ಸೆಕ್ಷನ್ನಿಗೆ ಮರಳಿದಳು. ಶಿವದೇವಿಗೆ ಎದೆ ಹಗುರಾಯಿತು. ಮಾಡಿದ ತಪ್ಪು ಮರೆತು, ತನ್ನ ದೊಡ್ಡತನಕ್ಕೆ ತಾನೇ ಶಹಬ್ಬಾಸ್ ಅಂದುಕೊಂಡು ಕ್ಲಾಸಿಗೆ ಹೋದಳು.

“ಸುವರ್ಣಾ, ಎದ್ದ ನಿಂದ್ರ. ಎಲ್ಲಾರಿಗೂ ಕೇಳೂ ಹಂಗ ಹೇಳು, ಕಂಬ ಎಷ್ಟು?”

ಹುಡುಗಿ ಎದ್ದಳು. ಕೈಯಲ್ಲಿ ನೂರು ಸಲ ಬರೆದ ನೋಟ್‌ಬುಕ್ಕು. ಕಣ್ಣು ಶಿವದೇವಿಯ ಕೆಂಪು ಪೆನ್ನಿನ ಮೇಲಿತ್ತು.

“ಹತ್ತು, ಮೇಡಂ.”

“ಅಲ್ಲವಾ, ನೀ ಮೊದಲ ಬರೆದದ್ದ ಖರೇ ಇತ್ತು. ತಪ್ಪು ನಂದು. ಅಂಜಬ್ಯಾಡ, ಎಣಿಸಿ ಹೇಳು.”

ಸುವರ್ಣಾ ಬೆರಳು ಮಡಚುತ್ತ ಎಣಿಸಿದಳು. ಹತ್ತು ಬೆರಳೂ ಮುಗಿದವು. ತುಟಿ ಇನ್ನೊಂದು ಸಲ ಅಲುಗಿತು, ಆಮೇಲೆ ಬಿಗಿಯಿತು. ಅವಳು ನೋಟ್‌ಬುಕ್ಕನ್ನು ತೆರೆದು ಮುಂದೆ ಹಿಡಿದಳು.

“ಹತ್ತ ರೀ ಮೇಡಂ. ನೂರು ಸಲ ಬರದೀನಿ.”