ತಗುಮನ ಬಲಗೈ

ಎಷ್ಟು ಪ್ರಯತ್ನಿಸಿದರೂ ಬೆರಳು ಬಿಡಿಸಲಾಗದೆ ಜೊನಾಸಿ, ತಗುಮನ ಬಲಗೈಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಹೊರಗೆ ಬಂದ. ಹೆಣ ತೊಳೆಯುವುದು ಮನೆಯ ಸಾಹ್ವಿರ, ಅಂದರೆ ಮನೆತನದ ಆಪ್ತ ಗೆಳೆಯನಾದ ಅವನ ಕೆಲಸ. ಅದಾದ ಮೇಲೆ ಸತ್ತವನ ವೇಷ ತೊಟ್ಟು ಅವನ ಹಾಗೆಯೇ ನಟಿಸಿ, ಯಾರನ್ನು ಬೇಕಾದರೂ ಗೇಲಿ ಮಾಡುವುದು ಅವನ ಹಕ್ಕು. ಬಾಗಿಲಲ್ಲಿ ತಗುಮನ ಹೆಂಡತಿ ಶುವಾಯಿ ಕಾದಿದ್ದಳು.

"ಆಗ್ಲಿಲ್ಲ ಅತ್ತಿಗೆ. ಬಿಡಿಸ್ಬೇಕಂದ್ರೆ ಮುರೀಬೇಕು. ಒಂದ್ಸಲ ಅವ್ರು ಮುರಿದ್ರು. ಈಗ ನಾನೂ ಮುರೀಲಾ?"

ಶುವಾಯಿ ಬೇಡವೆಂದು ತಲೆಯಾಡಿಸಿದಳು. ಗಂಡ ಮಣ್ಣಿಗೆ ಹೋಗುವಾಗ ಅಂಗೈ ತೆರೆದಿರಲಿ ಅಂತ ಒಂದೇ ಒಂದು ಆಸೆಯಿತ್ತು ಪಾಪ, ಅವಳಿಗೆ.

*

ತೆರೆದ ಅಂಗೈ ವಿರೋಧ ಪಕ್ಷದ ಗುರುತು, ಬಿಗಿದ ಮುಷ್ಟಿ ಆಳುವವರದು. ಹಿಂದೊಂದು ಚುನಾವಣೆಯಲ್ಲಿ, ಹರಾರೆ ಬಸ್ಸು ನಿಲ್ಲುವಲ್ಲಿ ಅಂಗೈ ಎತ್ತಿದ್ದಕ್ಕೆ ತಗುಮನನ್ನು ಎಳೆದೊಯ್ದು ಬೆರಳು ಜಜ್ಜಿದ್ದರು. ಮೂಳೆ ಕೂಡಿಕೊಂಡಿತು, ಮುಷ್ಟಿಯಾಗಿಯೇ. ಅಂದಿನಿಂದ ಸಾಡ್ಜಾ ಮುದ್ದೆ ಮುರಿಯುವುದಕ್ಕೂ ಎಡಗೈಯೇ. "ನೋಡ್ರೋ, ಅವ್ರ ಪಕ್ಷ ಸೇರ್ಬಿಟ್ಟೆ" ಎಂದು ತಾನೇ ನಗುತ್ತಿದ್ದ. ಶುವಾಯಿ ಅವನನ್ನು ಬಿಸಿಲಿಗೆ ಕೂರಿಸಿ ಎಣ್ಣೆ ಹಚ್ಚಿ ನೀವುತ್ತಿದ್ದಳು. ಹದಿನೇಳು ವರ್ಷ ನೀವಿದರೂ ಒಂದು ಬೆರಳೂ ಬಿಚ್ಚಲಿಲ್ಲ.

*

ಮಧ್ಯಾಹ್ನ ಆಳುವ ಪಕ್ಷದ ಗ್ವೆಂಜಿ ಬಂದ. ಪರಿಹಾರದ ಮೆಕ್ಕೆಜೋಳ ಯಾರಿಗೆ ಸಿಗಬೇಕೆಂಬ ಪಟ್ಟಿ ಇರುವುದು ಅವನ ಜೇಬಿನಲ್ಲಿ. ತಗುಮ ಕೊನೆಗೆ ನಮ್ಮವನೇ ಆಗಿದ್ದ, ಕೈಯೇ ಹೇಳುತ್ತದೆ ಎಂದ. ಗುಂಡಿಯ ಹತ್ತಿರ ಎಲ್ಲರೂ ಮುಷ್ಟಿ ಎತ್ತಬೇಕು, ಯಾರಾದರೂ ಅಂಗೈ ತೋರಿಸಿದರೆ ಈ ವರ್ಷವೂ ಈ ಮನೆಯ ಹೆಸರು ಪಟ್ಟಿಯಲ್ಲಿರುವುದಿಲ್ಲ ಎಂದೂ ಸೇರಿಸಿದ. ಮನೆಯಲ್ಲಿ ತಾಯಿಯಿಲ್ಲದ ಮೂರು ಮೊಮ್ಮಕ್ಕಳು.

ಆಗ ಜೊನಾಸಿ ಸತ್ತವನ ಕೋಟು ತೊಟ್ಟು, ಬೆರಳು ಮಡಿಚಿ, ತಗುಮನ ಹಾಗೆಯೇ ಕೆಮ್ಮುತ್ತ ಬಂದು ಗ್ವೆಂಜಿಯ ಮುಂದೆ ನಿಂತ.

"ಏನಪ್ಪಾ, ನನ್ ಕೈ ನಿಮ್ ಪಕ್ಷದ್ದೇ ಅಂತೀಯ. ಮತ್ತೆ ಇಷ್ಟ್ ವರ್ಷ ಅದಕ್ಕೆ ಜೋಳ ಯಾಕ್ ಹಾಕ್ಲಿಲ್ಲ?"

ಹೆಂಗಸರು ಅಳುತ್ತಲೇ ನಕ್ಕರು. ಸಾಹ್ವಿರನ ಮೇಲೆ ಸಿಟ್ಟಾಗುವಂತಿಲ್ಲವಲ್ಲ, ಗ್ವೆಂಜಿಯೂ ಹಲ್ಲು ಕಿರಿಯಬೇಕಾಯಿತು.

ಸಂಜೆ ಶವಪೆಟ್ಟಿಗೆ ಗುಂಡಿಗೆ ಇಳಿಯಿತು. ಮಣ್ಣು ಹಾಕುವ ಮೊದಲ ಸರದಿ ಶುವಾಯಿಯದು. ಅವಳು ಹಿಡಿ ತುಂಬ ಮಣ್ಣೆತ್ತಿ ಗುಂಡಿಯ ಮೇಲೆ ಕೈ ಚಾಚಿದಳು. ಗ್ವೆಂಜಿ ಪಟ್ಟಿ ಬಿಚ್ಚಿ ಪೆನ್ನು ತೆಗೆದ. ಅವಳು ಅದನ್ನು ನೋಡಿದಳು, ಮೊಮ್ಮಕ್ಕಳನ್ನೂ ನೋಡಿದಳು. ಆಮೇಲೆ ಬೆರಳು ಬಿಚ್ಚಿದಳು.

ಮಣ್ಣೆಲ್ಲ ಉದುರಿತು. ಕೈ ಹಾಗೇ ಇತ್ತು.

"ಆಯ್ತಲ್ಲ, ಮಡಿಚ್ಕೊ," ಎಂದ ಗ್ವೆಂಜಿ.

"ಮಡಿಸೋಕ್ ಬರ್ತಿಲ್ಲ," ಎಂದಳು ಶುವಾಯಿ.