ಅಲುಗದೆ ಕೂತವಳು

ನೊಣ ಬಂದು ಕೂತದ್ದು ಸೀರೆಯ ಮೇಲೆ, ಎಡಮೊಣಕಾಲಿನ ಹತ್ತಿರ, ತುರಿಕೆ ಶುರುವಾದದ್ದು ಮಾತ್ರ ಕುತ್ತಿಗೆಯಲ್ಲಿ, ಮೈಯ ಸ್ವಭಾವವೇ ಹಾಗೆ, ಅಲುಗಬೇಡ ಎಂದರೆ ಇಲ್ಲದ ಕಡೆಯಲ್ಲೆಲ್ಲ ತುರಿಸುತ್ತದೆ, ಕೈ ಎತ್ತುವ ಹಾಗಿಲ್ಲ, ಎತ್ತಿದರೆ ಹಿಲ್ ಮತ್ ಅಮ್ಮ ಎನ್ನುತ್ತಾಳೆ ಮಗಳು, ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಈ ಸಂಜನಾಳಿಗೆ ಬೈಯುವುದಕ್ಕೆ ಹಿಂದಿ, ಕೊಂಡಾಟಕ್ಕೆ ಕನ್ನಡ, ಎರಡೂ ಒಟ್ಟಿಗೆ ಬಂದಾಗ ಅದೂ ಅಲ್ಲದ ಇದೂ ಅಲ್ಲದ ಒಂದು ಭಾಷೆ — ಪ್ರಭಾ ಕಣ್ಣಿನಲ್ಲೇ ನೊಣವನ್ನು ಗದರಿಸಿದಳು, ಅದಕ್ಕೆ ಯಾವ ಭಾಷೆಯೂ ಬರುವಂತೆ ಕಾಣಲಿಲ್ಲ, ಅಂಬರನಾಥದ ಹೋಟೆಲಿನಿಂದ ಇವರ ಬೆನ್ನು ಹಿಡಿದು ಲೋಕಲ್ ರೈಲು ಹತ್ತಿ ಬಂದಿರಬೇಕು, ಇವರು ಎಂದರೆ ಗಂಡ ರಘುಪತಿ, ಹೋಟೆಲಿಗೆ ಹೋಗುವಾಗ ಮನೆಯ ಚಿಂತೆ ಹೊತ್ತುಕೊಂಡು ಹೋಗುತ್ತಾರೆ, ಬರುವಾಗ ಹೋಟೆಲಿನ ನೊಣ. ಫ್ಯಾನು ಹಾಕುವ ಹಾಗಿಲ್ಲ, ಕಾಗದ ಹಾರುತ್ತದಂತೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ಬೆನ್ನಿನಲ್ಲಿ ಬೆವರು ಇಳಿಯುತ್ತಾ ಇದೆ, ಕಿಟಕಿಯ ಬಲೆಯಾಚೆ ಪಾರಿವಾಳವೊಂದು ಒಳಗೆ ಬರಲು ದಾರಿ ಹುಡುಕುತ್ತಾ ಇದೆ, ಕೆಳಗೆ ಗುಜರಿಯ ಭಂಗಾರ್‌ವಾಲಾ ಕೂಗುತ್ತಾ ಹೋದ, ಹಳೇ ಪೇಪರಿನ ರಾಶಿ ಇವತ್ತೂ ಹಾಗೇ ಉಳಿಯಿತು, ಉಳಿಯಲಿ, ಇವತ್ತು ಬೇರೆ ಎಂತ ಕೆಲಸವೂ ಇಲ್ಲ, ಕೂರುವುದೊಂದೇ. ಎದುರಿಗೆ ಮಂಚದ ಮೇಲೆ ಮೊಣಕಾಲಿಗೆ ಬೋರ್ಡು ಒರಗಿಸಿಕೊಂಡು ಸಂಜನಾ, ಬೋರ್ಡಿನ ಮೇಲಂಚಿನಲ್ಲಿ ಕಾಣುವುದು ಅವಳ ಹಣೆ, ಹುಬ್ಬು, ಆಗೊಮ್ಮೆ ಈಗೊಮ್ಮೆ ಕಣ್ಣು. ಬೆಳಿಗ್ಗೆ ಚಹಾ ಕುಡಿಯುತ್ತಲೇ ಹೇಳಿದ್ದಳು, ಇವತ್ತು ಸಂಜೆ ಒಳಗೆ ಮೇಲ್ ಕಳಿಸ್ಬೇಕು ಅಮ್ಮ, ಗ್ಲಾಸ್ಗೋ ಯಾ ಲೈಪ್‌ಜಿಗ್, ಯಾವ ಕಾಲೇಜು ಅಂತ, ನೀನು ಸ್ವಲ್ಪ ಕೂತ್ಕೋ, ನಿನ್ನನ್ನ ಡ್ರಾ ಮಾಡ್ತಾ ಮಾಡ್ತಾ ಡಿಸೈಡ್ ಆಗ್ತದೆ. ಅವಳ ಎಲ್ಲ ನಿರ್ಧಾರಗಳೂ ಹೀಗೇ, ಅಮ್ಮನನ್ನು ಎದುರಿಗೆ ಕೂರಿಸಿಕೊಂಡು. ಸಯನ್ಸ್ ಬಿಟ್ಟು ಆರ್ಟ್ ಸ್ಕೂಲಿಗೆ ಹೋಗುವುದೆಂದು ತೀರ್ಮಾನವಾದ ದಿನವೂ ಪ್ರಭಾ ಇದೇ ಸ್ಟೂಲಿನ ಮೇಲೆ ಕೂತಿದ್ದಳು.

ಶುರುವಾದದ್ದು ಬಟಾಣಿಯಿಂದ. ಚಳಿಗಾಲದ ಅಗ್ಗದ ಮಟರ್, ಮೊರದ ತುಂಬ ಸುರಿದುಕೊಂಡು ನೆಲದ ಮೇಲೆ ಕಾಲು ಚಾಚಿ ಕೂತು ಸುಲಿಯುತ್ತಾ ಇದ್ದಾಗ, ಶಾಲೆಯ ಯೂನಿಫಾರ್ಮು ಕೂಡ ತೆಗೆಯದ ಹುಡುಗಿ ಅಮ್ಮ ಹಾಗೇ ಇರು ಹಾಗೇ ಇರು ಎಂದದ್ದು, ಯಾಕೆ ಎಂತಾಯ್ತು ಜಿರಳೆಯಾ ಎಂದರೆ, ಅಲ್ಲ, ನೀನು ಈಗ ಚಂದ ಉಂಟು, ಎಂದದ್ದು. ಚಂದ ಉಂಟು! ಬಟಾಣಿ ಸುಲಿಯುವ ಹೆಂಗಸು! ಪ್ರಭಾ ನಕ್ಕಳು, ಆದರೂ ಅಲುಗಲಿಲ್ಲ, ಒಳಗೆ ಹಾಲು ಉಕ್ಕುವ ಸದ್ದು ಕೇಳಿತು, ಎದ್ದು ಹೋಗಲಿಲ್ಲ, ಮದುವೆಯಾಗಿ ಬಂದ ಮೇಲೆ ಹಾಲು ಉಕ್ಕಿ ಒಲೆ ನಂದಿದ್ದು ಅದೇ ಮೊದಲು, ಅತ್ತೆ ಇದ್ದಿದ್ದರೆ ಊರಿಗೇ ಸುದ್ದಿ ಮುಟ್ಟುತ್ತಿತ್ತು. ಅದಕ್ಕೂ ಮೊದಲು ತನ್ನನ್ನು ಯಾರು ಹಾಗೆ ನೋಡಿದ್ದಾರೆ ಎಂದು ಕೇಳಿಕೊಂಡರೆ ಯಾರೂ ಸಿಗುವುದಿಲ್ಲ, ಹೆಣ್ಣು ನೋಡಲು ಉಡುಪಿಗೆ ಬಂದಿದ್ದ ರಘುಪತಿ ಸಜ್ಜಿಗೆ ತಿಂದರು, ಕಾಫಿ ಕುಡಿದರು, ಇವಳ ತಲೆಯ ಹಿಂದಿನ ಗೋಡೆಯ ಕ್ಯಾಲೆಂಡರನ್ನು ಕಣ್ಣು ಕೀಳದೆ ನೋಡಿದರು, ಹುಡುಗಿ ಅಡ್ಡಿಲ್ಲ ಎಂದು ಹೇಳಿ ಬಸ್ಸು ಹತ್ತಿದರು, ಯಾವ ಹುಡುಗಿಗೆ ಒಪ್ಪಿಗೆ ಕೊಟ್ಟರೋ ಆ ಕ್ಯಾಲೆಂಡರಿಗೇ ಗೊತ್ತು. ಒಳ್ಳೆಯ ಮನುಷ್ಯ, ಕೆಟ್ಟದ್ದು ಹೇಳಿದರೆ ನಾಲಿಗೆ ಬಿದ್ದು ಹೋದೀತು, ಆದರೆ ನೋಡುವ ಮನುಷ್ಯ ಅಲ್ಲ, ಮಗಳು ಬರೆದ ಇವಳ ಚಿತ್ರಕ್ಕೆ ಕಾಲೇಜಿನಲ್ಲಿ ಬಹುಮಾನ ಬಂದಾಗಲೂ ಮಾರಾಯ್ತಿ ನಿನ್ನ ಮೂಗಿಗೆ ಇಷ್ಟು ದೊಡ್ಡ ಕಾಗದವಾ ಎಂದು ಕೇಳಿ ಫ್ರೇಮಿನ ಮರವನ್ನು ಬೆರಳಿನಿಂದ ಕುಟ್ಟಿ ನೋಡಿದ್ದರು. ಥಾಣೆಯಲ್ಲಿ ನಡೆದ ಮಗಳ ಚಿತ್ರಪ್ರದರ್ಶನಕ್ಕೆ ಭಜನಾ ಮಂಡಳಿಯವರನ್ನೆಲ್ಲ ಕರೆದುಕೊಂಡು ಹೋದರೆ ಮೋಹಿನಿಯಕ್ಕ ಎಲ್ಲರೆದುರು, ಪ್ರಭಾ, ನೀವು ಅಷ್ಟು ದಪ್ಪ ಇಲ್ಲ, ಮಗಳಿಗೆ ಹೇಳಿ, ಎಂದು ಸಮಾಧಾನ ಮಾಡಿದ್ದರು, ಪ್ರಭಾಳಿಗೆ ಬೇಸರವೇ ಆಗಿರಲಿಲ್ಲ, ದಪ್ಪವೋ ಸಪೂರವೋ, ಗೋಡೆ ತುಂಬ ತಾನೇ, ಬಟ್ಟೆ ಮಡಚುವ ತಾನು, ಜ್ವರದಲ್ಲಿ ಮಲಗಿದ ತಾನು, ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ತೂಕಡಿಸಿ ಬಾಯಿ ಬಿಟ್ಟ ತಾನು, ಅದನ್ನು ಮಾತ್ರ ತೆಗೆ ಮಾರಾಯ್ತಿ ಎಂದು ಗೋಗರೆದದ್ದು, ಮಗಳು ತೆಗೆಯದೆ ಇದ್ದದ್ದು. ಎಷ್ಟು ಸುಖ ಅದು, ಹೇಳಿದರೆ ನಾಚಿಕೆ, ಆದರೂ ಸುಖ, ಯಾರೋ ಒಬ್ಬರು ನಮ್ಮನ್ನು ಅಷ್ಟು ಹೊತ್ತು ನೋಡುವುದು, ಕೂತುಕೊಂಡೇ ಮೈಗೆ ಬೆಲೆ ಬರುವುದು, ಕಿವಿಯ ಹಿಂದಿನ ನರೆಗೂದಲಿಗೂ ಒಂದು ಗೆರೆ ಸಿಗುವುದು. ಬೇರೆ ತಾಯಂದಿರು ಮಕ್ಕಳನ್ನು ನೋಡಿ ನೋಡಿ ಸಾಕಿದರು, ಪ್ರಭಾ ಮಗಳಿಂದ ನೋಡಿಸಿಕೊಂಡು ಸಾಕಿದಳು.

ನೊಣ ಹೋಯಿತು, ಪುಣ್ಯಕ್ಕೆ. ಗ್ಲಾಸ್ಗೋದ ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಬಂದ ದಿನ ಪ್ರಭಾ ರವೆ ಹುರಿಯುತ್ತಾ ಇದ್ದಳು, ಊಟದ ಮೇಜಿನ ಮೇಲೆ ಇಂಟರ್‌ವ್ಯೂ, ಅಡಿಗೆಮನೆಗೆ ಎಲ್ಲವೂ ಕೇಳುತ್ತದೆ, ಸೌಟು ತಾಗಿ ಸದ್ದಾಗದ ಹಾಗೆ ಹುರಿದು ಹುರಿದು ರವೆ ಕಂದಿತ್ತು. ಆ ಮನುಷ್ಯನ ದನಿಯೇ ದೊಡ್ಡದು, ಚಿತ್ರ ಒಂದೊಂದೇ ನೋಡುತ್ತಾ ಈ ಹೆಂಗಸು ಯಾರು, ನಿನ್ನ ತಾಯಿಯಾ, ಮ್ಯಾಗ್ನಿಫಿಸೆಂಟ್, ಎಂದ, ಇಲ್ಲಿಗೆ ಬಾ, ಇವಳನ್ನೇ ಇನ್ನೂ ಬರೆ, ಒಂದು ಇಡೀ ಕೋಣೆಯ ಗೋಡೆಗಳಿಗೆ ಇವಳನ್ನೇ ಹಾಕೋಣ ಎಂದ. ಮ್ಯಾಗ್ನಿಫಿಸೆಂಟ್. ಒಲೆ ಒರೆಸುವಾಗ, ಹೌಸಿಂಗ್ ಸೊಸೈಟಿಯ ಮೆಟ್ಟಿಲು ಹತ್ತುವಾಗ, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಬಸಳೆ ಚೌಕಾಸಿ ಮಾಡುವಾಗ ಆ ಶಬ್ದ ತಾನಾಗಿ ಬಂದು ಬಾಯಲ್ಲಿ ಕೂರುತ್ತಿತ್ತು. ಆಮೇಲೆ ಜರ್ಮನಿಯ ಲೈಪ್‌ಜಿಗ್‌ನವಳು ಬಂದಳು, ಬಿಳೀ ತಲೆ, ಗಂಡಸರ ಹಾಗೆ ಕತ್ತರಿಸಿದ ಕೂದಲು, ನಗು ಗಿಗು ಏನಿಲ್ಲ, ತುಂಬ ಹೊತ್ತು ಸುಮ್ಮನೆ ನೋಡಿ, ಈ ಹೆಂಗಸನ್ನು ನಿನ್ನ ಕೈ ಬಾಯಿಪಾಠ ಮಾಡಿಬಿಟ್ಟಿದೆ ಎಂದಳು, ಕಣ್ಣಿಗೆ ಕೆಲಸವೇ ಉಳಿದಿಲ್ಲ, ಇಲ್ಲಿಗೆ ಬರುವುದಾದರೆ ಎರಡು ವರ್ಷ ಇವಳನ್ನು ಬರೆಯುವ ಹಾಗಿಲ್ಲ. ಪ್ರಭಾಳಿಗೆ ಅರ್ಧ ಇಂಗ್ಲಿಷೇ ತಿಳಿದದ್ದು, ಆ ಅರ್ಧವೇ ಸಾಕಾಗಿತ್ತು, ಬಾಣಲೆ ಇಳಿಸಿ ನಿಂತುಬಿಟ್ಟಳು, ಇದಾವ ನ್ಯಾಯ, ಎಲ್ಲಿಯೋ ಕೂತವಳು ನಮ್ಮ ಮನೆಯ ಹುಡುಗಿಗೆ ನಿನ್ನ ಅಮ್ಮನನ್ನು ಬರೆಯಬೇಡ ಎನ್ನುವುದಾ. ಎಂಥಾ ಖಡೂಸ್ ಔರತ್ ಎಂದಳು ಸಂಜನಾ ಲ್ಯಾಪ್‌ಟಾಪ್ ಮುಚ್ಚಿ, ಅಮ್ಮ ಮಗಳು ಕೂಡಿ ಅವಳಿಗೆ ಮನಸಾರೆ ಬೈದು, ಆ ದಿನವೂ ಕಂದಿಹೋಗಿದ್ದ ರವೆಯ ಉಪ್ಪಿಟ್ಟು ತಿಂದರು. ಎರಡೂ ಕಡೆಯಿಂದ ಬಾ ಎಂದು ಬಂತು. ರಘುಪತಿಗೆ ಅನುಮಾನವೇ ಇಲ್ಲ, ಗ್ಲಾಸ್ಗೋ, ಅಲ್ಲಿ ಅನಸೂಯಕ್ಕನ ಮಗನ ಮನೆ ಉಂಟು, ಕುಚ್ಚಲಕ್ಕಿ ಸಿಗ್ತದೆ, ಇಂಗ್ಲಿಷು ಸಾಕು, ಗುರ್ತದವರಿಲ್ಲದ ಊರಲ್ಲಿ ಹೋಟೆಲೂ ಹಾಕ್ಬಾರ್ದು ಮಗಳನ್ನೂ ಕಳಿಸ್ಬಾರ್ದು ಎಂದು ಒಂದೇ ಮಾತಿನಲ್ಲಿ ಮುಗಿಸಿದರು, ಅಂಬರನಾಥದಲ್ಲಿ ಇಳಿದ ದಿನ ಇವರಿಗೆ ಯಾರ ಗುರ್ತ ಇತ್ತು ಸ್ವಾಮಿ, ದೇವಸ್ಥಾನದ ಶಿವನದ್ದೂ ಇರಲಿಲ್ಲ, ಪ್ರಭಾ ನಾಲಿಗೆ ತುದಿಯ ಮಾತನ್ನು ನುಂಗಿದಳು, ಯಾಕೆಂದರೆ ಅವಳಿಗೂ ಗ್ಲಾಸ್ಗೋವೇ ಬೇಕಿತ್ತು. ಮತ್ತೆ ಒಂದು ಬೆಳಿಗ್ಗೆ ಬಚ್ಚಲಿನಿಂದ, ನೀರಿನ ಸದ್ದಿನ ನಡುವೆ, ಗೂಟನ್ ಮಾರ್ಗನ್, ಗೂಟನ್ ಮಾರ್ಗನ್, ಇಷ್ ಹೈಸೆ ಸಂಜನಾ. ಎಂತ ಅದು ಎಂದರೆ, ಕುಛ್ ನಹೀ, ಜರ್ಮನ್, ಟೈಮ್‌ಪಾಸ್. ಟೈಮ್‌ಪಾಸಿಗೆ ಯಾರಾದರೂ ಅಷ್ಟು ಮೆಲ್ಲಗೆ ಹೇಳಿಕೊಳ್ಳುತ್ತಾರೆಯೇ, ಟೈಮ್‌ಪಾಸಿಗೆ ಹಾಡು ಹೇಳುತ್ತಾರೆ, ಕದ್ದು ಹೇಳಿಕೊಳ್ಳುವುದು ಬೇಕಾದದ್ದನ್ನು. ಹೆತ್ತವಳಿಗೆ ಅಷ್ಟೂ ತಿಳಿಯುವುದಿಲ್ಲವೇ. ತಿಳಿಯಿತು, ತಿಳಿಯದವಳ ಹಾಗೆ ಟವೆಲು ಒಣಹಾಕಿದಳು.

ಕರಕರ ಪೆನ್ಸಿಲಿನ ಸದ್ದು, ಎಷ್ಟು ಹೊತ್ತಿನಿಂದ ನಿಲ್ಲದೆ ಬರುತ್ತಾ ಇದೆ, ಮಗಳ ಕಣ್ಣು ಮಾತ್ರ ಮೇಲೆ ಬಂದೇ ಇಲ್ಲ. ಮೊದಲು ಹೀಗಿರಲಿಲ್ಲ. ಬಟಾಣಿಯ ಕಾಲದಲ್ಲಿ ಒಂದು ಗೆರೆಗೊಂದು ಸಲ ಆ ಕಣ್ಣು ಬೋರ್ಡಿನಂಚಿನಿಂದ ಮೇಲೆ ಬರುತ್ತಿತ್ತು, ಬಂದು ಹಿಡಿದುಕೊಳ್ಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು, ಆ ಕಣ್ಣಿನಲ್ಲಿ ಅಮ್ಮ ಎಂಬ ಸಲಿಗೆಯೇ ಇರುತ್ತಿರಲಿಲ್ಲ, ಹೊಸಬರ ಮನೆಗೆ ಬಂದ ಹಾಗೆ ಮೂಲೆ ಮೂಲೆ ನೋಡುತ್ತಿತ್ತು, ಕಿರುಬೆರಳು ಸ್ವಲ್ಪ ಜರುಗಿದರೂ ಅಮ್ಮಾ ಎಂದು ಕಿರುಚುತ್ತಿದ್ದಳು, ಕಾಲು ಜೋಮು ಹಿಡಿದು ಪ್ರಭಾ ಅತ್ತದ್ದೂ ಉಂಟು. ಈಗ ಹುಬ್ಬು ಮಾತ್ರ ಕಾಣುತ್ತದೆ, ತಗ್ಗಿದ ರೆಪ್ಪೆ, ಭುಜ ಆಡುತ್ತದೆ, ಕೈ ಓಡುತ್ತದೆ, ಕಣ್ಣು ಒಮ್ಮೆ ಎದ್ದಿತು, ಎದ್ದದ್ದೇ ಗೋಡೆಗೆ ತಾಗಿದ ಹಾಗೆ ವಾಪಸು. ತಾನು ಸಾರಿಗೆ ಉಪ್ಪು ಹಾಕುವುದೂ ಹೀಗೇ ಅಲ್ಲವೇ, ರುಚಿ ನೋಡಿ ಎಷ್ಟು ವರ್ಷವಾಯಿತು, ಕೈಯೇ ಡಬ್ಬಿಗೆ ಹೋಗುತ್ತದೆ, ಕೈಯೇ ಹಾಕುತ್ತದೆ, ತಪ್ಪುವುದಿಲ್ಲ, ಸಾರು ಮೊದಲಿನ ಹಾಗೆ ಆಗುವುದೂ ಇಲ್ಲ, ಯಾರೂ ಕೇಳದ ಕಾರಣ ಅದರಷ್ಟಕ್ಕೆ ನಡೆಯುತ್ತಿದೆ. ಹಾಗಾದರೆ ಆ ಬಿಳೀ ತಲೆಯವಳು — ಛೆ, ಇರಲಾರದು, ನೋಡಿಯೇ ಬಿಡುವ ಎನಿಸಿತು, ಮಡಿಲಲ್ಲಿ ಬಲಗೈ ಮೇಲೆ ಎಡಗೈ ಇಟ್ಟು ಕೂತಿದ್ದಳು, ಕೂರುವಾಗ ಮಗಳೇ ಹಿಡಿದು ಇಟ್ಟದ್ದು, ಬಳೆ ಕಾಣಲಿ ಎಂದು, ಆ ಎಡಗೈಯನ್ನು ಮೆಲ್ಲಗೆ, ಬಳೆ ಸದ್ದಾಗದ ಹಾಗೆ, ಮಲಗಿದ ಮಗುವಿನ ಕೆಳಗಿನಿಂದ ಬಟ್ಟೆ ಎಳೆಯುವ ಹಾಗೆ ಜಾರಿಸಿ ಕೆಳಗೆ ತಂದಳು, ಬಲಗೈಯನ್ನು ಮೇಲಕ್ಕೆ. ಈಗ ಬೈತಾಳೆ. ಈಗ ಬೈಯಬೇಕು. ಬೈ ಮಗಾ. ಪೆನ್ಸಿಲು ಓಡುತ್ತಲೇ ಇತ್ತು. ಕಣ್ಣು ಬಂತು, ಭುಜ ನೋಡಿತು, ಕೈಯ ಹತ್ತಿರ ಬಂತು, ಕೈಯ ಮೇಲೆಯೇ ಹಾದುಹೋಯಿತು, ಕಂಡಿತೋ ಎಂದರೆ ಕಾಣಲಿಲ್ಲ, ಇಳಿಯಿತು, ಮತ್ತೆ ಕರಕರ. ಕಾಗದದಲ್ಲಿ ಈಗ ಎಡಗೈಯೇ ಮೇಲಿರಬೇಕು, ಬಳೆ ಸಮೇತ, ಬಹಳ ಚಂದವಾಗಿ. ಎದುರಿಗೇ ಕೂತಿದ್ದೇನೆ, ನನ್ನನ್ನೇ ಬರೆಯುತ್ತಿದ್ದಾಳೆ, ನಾನು ಕಾಣುತ್ತಿಲ್ಲ. ಅಳು ಬಂತು, ಸಿಟ್ಟು ಬರಲಿಲ್ಲ, ಯಾರ ಮೇಲೆ ಬರಬೇಕು, ಕೈಗೆ ಅಷ್ಟು ಅಭ್ಯಾಸ ಮಾಡಿಸಿದವಳು ತಾನೇ, ಕರೆದಾಗಲೆಲ್ಲ ಒಲೆ ಆರಿಸಿ ಬಂದು ಕೂತವಳು ತಾನೇ.

ಸುಮ್ಮನಿದ್ದರೆ ಆಯಿತು. ಯಾರಿಗೂ ನಷ್ಟವಿಲ್ಲ. ಗ್ಲಾಸ್ಗೋದಲ್ಲಿ ಆ ದೊಡ್ಡ ದನಿಯ ಮೇಷ್ಟ್ರು ಗೋಡೆ ತುಂಬ ಪ್ರಭಾಳನ್ನು ಹಾಕಿಸುತ್ತಾನೆ, ಅನಸೂಯಕ್ಕನ ಸೊಸೆ ಫೋಟೋ ತೆಗೆದು ಕಳಿಸುತ್ತಾಳೆ, ಬಿಳಿಯರು ನಿಂತು ನೋಡುತ್ತಾರೆ, ಇವರು ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ತೋರಿಸುತ್ತಾರೆ, ರಜೆಗೆ ಬಂದಾಗ ಮಗಳು ಮತ್ತೆ ಇದೇ ಸ್ಟೂಲು ಎಳೆದು ಅಮ್ಮ ಹಾಗೇ ಇರು ಎನ್ನುತ್ತಾಳೆ — ಆ ಇನ್ನೊಂದು ಊರಿಗೆ ಹೋದರೆ ಮಗಳು ಯಾರ್ಯಾರನ್ನೋ ನೋಡುತ್ತಾಳೆ, ಹೆಸರು ಗೊತ್ತಿಲ್ಲದ ಮುದುಕರನ್ನು, ಟ್ರಾಮಿನಲ್ಲಿ ಕೂತವರನ್ನು, ಯಾರದೋ ಬೆನ್ನು ಯಾರದೋ ಪಾದ, ಆ ಹೊಸಬರ ಮನೆಗೆ ಬಂದ ಕಣ್ಣಿನಿಂದ, ತನಗೆ ಮಾತ್ರ ಸಿಗುತ್ತಿದ್ದ ಕಣ್ಣಿನಿಂದ, ಇಲ್ಲಿ ತಾನು ಬಟಾಣಿ ಸುಲಿಯುವುದು, ಸುಲಿದರೆ ಸುಲಿದದ್ದು, ನೋಡುವವರಿಲ್ಲ, ಮೈಯಲ್ಲಿ ಒಂದೊಂದೇ ಗೆರೆ ಅಳಿಸಿಕೊಂಡು ಹೋದ ಹಾಗೆ. ಎರಡು ವರ್ಷ. ಬೇಡ, ಆಗುವುದಿಲ್ಲ, ತಾಯಿಯಾದ ಮಾತ್ರಕ್ಕೆ ಎಲ್ಲವನ್ನೂ ಕೊಡಬೇಕೆಂದು ಯಾವ ಶಾಸ್ತ್ರದಲ್ಲಿ ಉಂಟು. ಅಮ್ಮ, ಎಂದಳು ಸಂಜನಾ ತಲೆ ಎತ್ತದೆ, ಗ್ಲಾಸ್ಗೋ ಹೀ ಠೀಕ್ ಹೈ ನಾ, ಅಪ್ಪನಿಗೂ ಖುಷಿ, ಅಲ್ಲಿಯ ಸರ್‌ಗೆ ನೀನೂ ಇಷ್ಟ, ಮೇಲ್ ಭೇಜ್ ದೂಂ? ಪೆನ್ಸಿಲು ನಿಂತಿರಲಿಲ್ಲ. ದನಿಯಲ್ಲಿ ಖುಷಿಯೂ ಇರಲಿಲ್ಲ, ಹಸಿವಿಲ್ಲದಿದ್ದರೂ ಅಮ್ಮ ಬಡಿಸಿದಳೆಂದು ಉಣ್ಣುವಾಗ ಇರುವ ದನಿ. ಹೂಂ ಎಂದರೆ ಮುಗಿಯಿತು, ಹೂಂ ಎನ್ನುವುದಕ್ಕೆ ತುಟಿ ಕೂಡ ಅಲುಗಿಸಬೇಕಾಗಿಲ್ಲ, ಎಷ್ಟು ಸುಲಭ, ಬಾಯಿ ಮುಚ್ಚಿಕೊಂಡೇ ಹೇಳಬಹುದು, ಗಂಟಲಿನವರೆಗೆ ಬಂದೂ ಇತ್ತು — ಲೈಪ್‌ಜಿಗ್, ಎಂದಳು ಪ್ರಭಾ. ಭಂಗಿ ಮುರಿಯಿತು. ಎಂತದಾ, ಎಂದಳು ಮಗಳು, ಕಾಗದಕ್ಕೇ. ಲೈಪ್‌ಜಿಗ್ಗಿಗೆ ಹೋಗು ಅಂದೆ, ಆ ಮುದುಕಿ ಹೇಳಿದ್ದು ಸರಿ ಉಂಟು, ನೀನು ನನ್ನನ್ನು ನೋಡ್ತಾ ಇಲ್ಲ ಮಗಾ. ಕರಕರ ನಿಂತಿತು. ಕೋಣೆಯಲ್ಲಿ ಅಷ್ಟು ಸದ್ದು ಇತ್ತೆಂದು ನಿಂತ ಮೇಲೆ ಗೊತ್ತಾಯಿತು, ಪಾರಿವಾಳದ ಉಗುರು ಬಲೆಗೆ ತಾಗುವುದು ಕೇಳಿತು, ಬೋರ್ಡಿನಂಚಿನಿಂದ ಕಣ್ಣು ಮೇಲೆ ಬಂತು, ಮುಖಕ್ಕೆ ಬಂತು, ಭುಜದಿಂದ ಜಾರಿ ಮಡಿಲಿಗೆ ಇಳಿಯಿತು, ಕೈಯ ಮೇಲೆ ನಿಂತಿತು, ಕಾಗದಕ್ಕೆ ಹೋಯಿತು, ಮತ್ತೆ ಕೈಗೆ, ಅಮ್ಮ, ನಿನ್ನ ಕೈ, ಕೈ ಯಾವಾಗ ಬದಲಾಯ್ಸಿದೆ, ಆಗ್ಲೇ, ಎಂದಳು ಪ್ರಭಾ, ಆಗ್ಲೇ ಮಗಾ, ಸಂಜನಾಳ ಕಣ್ಣು ತುಂಬಿತು, ತುಂಬಿದ ಕಣ್ಣು ಮುಖಕ್ಕೆ ಬಂತು, ಹಣೆ, ಕಿವಿಯ ಹಿಂದಿನ ಕೂದಲು, ಮೂಗು, ಬೆವರಿದ ಕುತ್ತಿಗೆ, ಯಾರಿವಳು ಎಂಬ ಹಾಗೆ, ಪ್ರಭಾ ಉಸಿರು ಹಿಡಿದು ಕೂತಳು, ಒಂದಿಷ್ಟೂ ಅಲುಗಲಿಲ್ಲ, ಆ ಕಣ್ಣು, ಬೋರ್ಡಿನ ಅಂಚಿನ ಮೇಲೆ ಆ ಕಣ್ಣು, ಕೆಳಗೆ ಇಳಿಯದ ಆ ಕಣ್ಣು, ಆ ಕಣ್ಣು